ಸಿಮ್ಯುಲೇಟರ್‌ಗೆ ಬಾಯಿಮಾತಿನ ಕೋ-ಪೈಲಟ್: ವೈರ್‌ಲೆಸ್ ಹೆಡ್‌ಸೆಟ್ ಕೆಲಸ ಎಲ್ಲಿಗೆ ಬಂತು

ಮಂಗಳೂರಿನ ಬಜ್ಪೆ ವಿಮಾನ ನಿಲ್ದಾಣಕ್ಕೆ ವಿಮಾನ ಇಳಿಸುವುದು ಸಿಮ್ಯುಲೇಟರ್‌ನಲ್ಲೂ, ಅಂದರೆ ಕಂಪ್ಯೂಟರ್‌ನಲ್ಲಿ ವಿಮಾನ ಹಾರಿಸುವ ಆಟದಲ್ಲೂ, ಸುಲಭ ಅಲ್ಲ. ಗುಡ್ಡದ ತಲೆ ಮೇಲೆ 2,450 ಮೀಟರ್ ಉದ್ದದ ರನ್‌ವೇ, ಅದರಾಚೆ ಇಳಿಜಾರು. ಮಳೆಗಾಲದ ಅಡ್ಡಗಾಳಿ ಹಾಕಿಕೊಂಡು ಹಾರಿದರೆ ಎಡಗೈ ಯೋಕ್ (ವಿಮಾನದ ಸ್ಟಿಯರಿಂಗ್) ಬಿಡುವ ಹಾಗಿಲ್ಲ, ಬಲಗೈ ಥ್ರಾಟಲ್ (ಎಂಜಿನ್ ಶಕ್ತಿಯ ಹಿಡಿ) ಬಿಡುವ ಹಾಗಿಲ್ಲ. ಸರಿಯಾಗಿ ಆ ಹೊತ್ತಿಗೇ ಫ್ಲ್ಯಾಪ್ (ರೆಕ್ಕೆಯ ಹಿಂಬದಿಯ ಪಟ್ಟಿ) ಇಳಿಸಬೇಕು, ಗೇರ್ (ಚಕ್ರ) ಇಳಿಸಬೇಕು, ಲ್ಯಾಂಡಿಂಗ್ ಲೈಟ್ ಹಾಕಬೇಕು. ನಿಜವಾದ ವಿಮಾನದಲ್ಲಿ ಇದಕ್ಕೆ ಪಕ್ಕದಲ್ಲಿ ಇನ್ನೊಬ್ಬರು ಇರುತ್ತಾರೆ. ಹಾರಿಸುವವರು "ಗೇರ್ ಡೌನ್" ಅಂದರೆ ಪಕ್ಕದವರು ಲಿವರ್ ಇಳಿಸುತ್ತಾರೆ. ಆ ಪಕ್ಕದವರ ಕೆಲಸವನ್ನು ಕಂಪ್ಯೂಟರ್‌ಗೆ ವಹಿಸಬೇಕು, ನಾನು ಹೇಳಿದ್ದನ್ನು ಅದು ಮಾಡಬೇಕು. ಇದೇ ನನ್ನ ಪ್ರಾಜೆಕ್ಟ್.

ವೈರ್‌ಲೆಸ್ ಯಾಕೆ ಅಂದರೆ, ನಾನು ಹೆಡ್ ಟ್ರ್ಯಾಕಿಂಗ್ ಬಳಸುತ್ತೇನೆ. ತಲೆ ತಿರುಗಿಸಿದ ಹಾಗೆ ಪರದೆಯ ನೋಟವೂ ತಿರುಗುತ್ತದೆ. ವೈರ್ ಇದ್ದರೆ ಅದು ಯೋಕ್‌ನ ಕ್ಲ್ಯಾಂಪ್‌ಗೆ ಸಿಕ್ಕಿಕೊಂಡು ತಲೆಯನ್ನೇ ಎಳೆಯುತ್ತದೆ. ರನ್‌ವೇ ನೋಡಲು ತಿರುಗುವ ಹೊತ್ತಿಗೆ ಆ ಕಿರಿಕಿರಿ ಬೇಡ.

ಸಾಫ್ಟ್‌ವೇರ್ ಕಡೆ ಜಾಸ್ತಿ ಹೇಳಲಿಕ್ಕಿಲ್ಲ. 2020ರ ಮೈಕ್ರೋಸಾಫ್ಟ್ ಫ್ಲೈಟ್ ಸಿಮ್ಯುಲೇಟರ್, ಜೊತೆಗೆ ವಾಯ್ಸ್‌ಅಟ್ಯಾಕ್. ನಾನು ಒಂದು ಮಾತು ಹೇಳಿದರೆ ಅದಕ್ಕೆ ಜೋಡಿಸಿದ ಕೀಲಿಯನ್ನು ವಾಯ್ಸ್‌ಅಟ್ಯಾಕ್ ಒತ್ತುತ್ತದೆ. ಮಾತು ಗುರುತಿಸುವ ಕೆಲಸ ವಿಂಡೋಸ್‌ನಲ್ಲೇ ಇರುವ ಸ್ಪೀಚ್ ಎಂಜಿನ್‌ನದ್ದು. ಅದರಲ್ಲಿ ಇಂಗ್ಲಿಷ್ (ಇಂಡಿಯಾ) ಅಂತ ಬೇರೆಯೇ ಆಯ್ಕೆ ಇದೆ. ನಮ್ಮ ಉಚ್ಚಾರಕ್ಕೆ ಅದೇ ಸರಿ. ಅಮೆರಿಕದ ಇಂಗ್ಲಿಷ್ ಇಟ್ಟುಕೊಂಡು ಸುಮ್ನೆ ಗುದ್ದಾಡಬೇಡಿ.

ಏಪ್ರಿಲ್

ಮೊದಲು ಮನೆಯಲ್ಲಿದ್ದ ಬ್ಲೂಟೂತ್ ಹೆಡ್‌ಸೆಟ್‌ನಲ್ಲೇ ಶುರು ಮಾಡಿದೆ. ಹಾಡು ಬಹಳ ಚೆನ್ನಾಗಿ ಕೇಳುವ ಹೆಡ್‌ಸೆಟ್. ವಾಯ್ಸ್‌ಅಟ್ಯಾಕ್ ತೆರೆದ ಕೂಡಲೇ ಎಂಜಿನ್ ಶಬ್ದ ಹಳೇ ಟೆಲಿಫೋನಿನಲ್ಲಿ ಕೇಳಿದ ಹಾಗೆ ಆಯಿತು.

ಇದು ಹೆಡ್‌ಸೆಟ್ ಕೆಟ್ಟದ್ದಲ್ಲ, ಬ್ಲೂಟೂತ್ ಕೆಲಸ ಮಾಡುವ ರೀತಿಯೇ ಹಾಗೆ. ಹಾಡು ಕೇಳಲು ಅದು ಬಳಸುವ ದಾರಿಯ ಹೆಸರು ಎ2ಡಿಪಿ. ಅದರಲ್ಲಿ ಶಬ್ದ ಒಳ್ಳೆ ಸ್ಟೀರಿಯೋ, ಆದರೆ ಒಂದೇ ದಿಕ್ಕಿನದ್ದು. ಮೈಕ್ ಬೇಕು ಅಂದ ತಕ್ಷಣ ಕಂಪ್ಯೂಟರ್ ಎಚ್‌ಎಫ್‌ಪಿ ಅನ್ನುವ ಇನ್ನೊಂದು ದಾರಿಗೆ ಹೊರಳುತ್ತದೆ. ಅದು ಫೋನ್ ಕರೆಗೆಂದು ಮಾಡಿದ್ದು. ಶಬ್ದ ಮೋನೋ ಆಗುತ್ತದೆ. ಹಳೆಯ ಸಾಧನವಾದರೆ ಮೈಕಿನ ಸ್ಯಾಂಪಲಿಂಗ್ (ಶಬ್ದವನ್ನು ಸೆಕೆಂಡಿಗೆ ಎಷ್ಟು ಸಲ ಅಳೆಯುತ್ತದೆ ಅನ್ನುವುದು) 8 ಕಿಲೋಹರ್ಟ್ಸ್, ಹೊಸತಾದರೆ 16.

8 ಅಂದರೆ ಏನಾಗುತ್ತದೆ? ಅದರ ಅರ್ಧಕ್ಕಿಂತ, ಅಂದರೆ 4 ಕಿಲೋಹರ್ಟ್ಸ್‌ಗಿಂತ ಮೇಲಿನ ಶಬ್ದವೇ ಹೋಗುವುದಿಲ್ಲ. "ಸ", "ಫ" ಇಂಥ ಊದುವ ಅಕ್ಷರಗಳ ಗುರುತು ಬಹಳಷ್ಟು ಇರುವುದು ಅದಕ್ಕಿಂತ ಮೇಲೆ. ಸ್ಪೀಚ್ ಎಂಜಿನ್‌ಗೆ ಅರ್ಧ ಅಕ್ಷರ ತಿಂದ ಮಾತು ಸಿಕ್ಕಿದ ಹಾಗಾಯಿತು. ಪೈಲಟ್‌ಗಳು ರೇಡಿಯೋದಲ್ಲಿ ನೈನ್ ಅನ್ನದೆ "ನೈನರ್" ಅನ್ನುವುದು, ಫೈವ್ ಅನ್ನದೆ "ಫೈಫ್" ಅನ್ನುವುದು ಇಂಥ ಗೊಂದಲ ತಪ್ಪಿಸಲಿಕ್ಕೇ. ಅದನ್ನು ಕಣ್ಣೆದುರೇ ನೋಡಿದಾಗ ನನಗೆ ನಿಜಕ್ಕೂ ಖುಷಿಯಾಯಿತು.

ಒಂದು ನಡುದಾರಿ ಇದೆ. ಕೇಳಲು ಬ್ಲೂಟೂತ್ ಸ್ಟೀರಿಯೋ ಇಟ್ಟುಕೊಂಡು, ಮೈಕ್ ಬೇರೆ ಯುಎಸ್‌ಬಿಯದ್ದು ಮೇಜಿನ ಮೇಲೆ ಇಡುವುದು. ವಿಂಡೋಸ್‌ನ ಸೌಂಡ್ ಸೆಟ್ಟಿಂಗ್‌ನಲ್ಲಿ ಹೆಡ್‌ಸೆಟ್‌ನ ಮೈಕನ್ನು ಯಾರೂ ಮುಟ್ಟದ ಹಾಗೆ ಆಫ್ ಮಾಡಿದರೆ ಶಬ್ದ ಸ್ಟೀರಿಯೋದಲ್ಲೇ ಉಳಿಯುತ್ತದೆ. ದುಡ್ಡು ಖರ್ಚು ಮಾಡುವ ಮೊದಲು ಎಲ್ಲರೂ ಇದನ್ನು ಮಾಡಿ ನೋಡಬೇಕು. ಆದರೆ ತಲೆ ತಿರುಗಿಸಿದಾಗ ಬಾಯಿ ಮೈಕಿನಿಂದ ದೂರ ಹೋಗುತ್ತದೆ. ನನ್ನ ಕೆಲಸಕ್ಕೆ ಅದು ಆಗಲಿಲ್ಲ.

ಮೇ

ಡಾಂಗಲ್ (ಯುಎಸ್‌ಬಿಗೆ ಚುಚ್ಚುವ ಪುಟ್ಟ ರೇಡಿಯೋ ಕಡ್ಡಿ) ಇರುವ 2.4 ಗಿಗಾಹರ್ಟ್ಸ್ ಹೆಡ್‌ಸೆಟ್ ತಂದೆ. ಇದು ಬ್ಲೂಟೂತ್ ಅಲ್ಲ. ಕಂಪ್ಯೂಟರ್‌ಗೆ ಡಾಂಗಲ್ ಒಂದು ಸಾಮಾನ್ಯ ಯುಎಸ್‌ಬಿ ಸೌಂಡ್ ಕಾರ್ಡ್ ಹಾಗೆ ಕಾಣುತ್ತದೆ. ಮೈಕ್ ತೆರೆದರೂ ಸ್ಟೀರಿಯೋ ಹಾಗೇ ಉಳಿಯುತ್ತದೆ. ಎಂಜಿನ್ ಶಬ್ದ ಮರಳಿ ಬಂತು, "ಫ್ಲ್ಯಾಪ್ಸ್" ಅನ್ನುವ ಮಾತು ಸಹ ಪೂರ್ತಿ ತಲುಪಿತು.

ಆದರೆ ನಡುನಡುವೆ ಮಾತು ತುಂಡಾಗುತ್ತಿತ್ತು. ಕಾರಣ ಡಾಂಗಲ್ ಚುಚ್ಚಿದ ಜಾಗ. ಸಿಪಿಯು ಹಿಂದುಗಡೆ ಯುಎಸ್‌ಬಿ 3 ಪೋರ್ಟ್, ಅದರ ಪಕ್ಕದಲ್ಲೇ ಹೊರಗಿನ ಹಾರ್ಡ್ ಡಿಸ್ಕ್. ಯುಎಸ್‌ಬಿ 3ರಲ್ಲಿ ಡೇಟಾ ಓಡುವಾಗ 2.4 ಗಿಗಾಹರ್ಟ್ಸ್ ಸುತ್ತಮುತ್ತ ರೇಡಿಯೋ ಗದ್ದಲ ಏಳುತ್ತದೆ. ಇಂಟೆಲ್ ಕಂಪನಿಯೇ 2012ರಲ್ಲಿ ಇದನ್ನು ಅಳೆದು ಬರೆದಿದೆ. ಸಿಮ್ಯುಲೇಟರ್ ಆ ಡಿಸ್ಕ್‌ನಿಂದ ಸೀನರಿ (ನೆಲದ ದೃಶ್ಯ) ಓದುವಾಗಲೆಲ್ಲ ಮೈಕ್ ತುಂಡಾಗುತ್ತಿತ್ತು. ಇಳಿಯುವ ಹೊತ್ತಿಗೇ ಸೀನರಿ ಜಾಸ್ತಿ ಓದುತ್ತದೆ, ಅಲ್ವಾ? ಒಂದು ಉದ್ದದ ಯುಎಸ್‌ಬಿ ಎಕ್ಸ್‌ಟೆನ್ಶನ್ ವೈರ್ ತಂದು ಡಾಂಗಲನ್ನು ಮೇಜಿನ ಮೇಲೆ, ಕಣ್ಣಿಗೆ ಕಾಣುವ ಹಾಗೆ ಇಟ್ಟೆ. ಮನೆಯ ವೈಫೈಯನ್ನು 5 ಗಿಗಾಹರ್ಟ್ಸ್‌ಗೆ ಹಾಕಿದೆ. ತುಂಡಾಗುವುದು ನಿಂತಿತು. ಈ ಇಡೀ ಪ್ರಾಜೆಕ್ಟ್‌ನಲ್ಲಿ ಕಡಿಮೆ ಖರ್ಚಿನಲ್ಲಿ ಜಾಸ್ತಿ ಫಲ ಕೊಟ್ಟ ಕೆಲಸ ಇದೇ.

ಮೇ ತಿಂಗಳ ಮಂಗಳೂರಿನ ಸೆಕೆಗೆ ರೆಕ್ಸಿನ್ ಇಯರ್ ಕುಶನ್ ಆಗುವುದಿಲ್ಲ, ಬೆವರು ಇಳಿಯುತ್ತದೆ. ಬಟ್ಟೆಯ ಕುಶನ್ ಹಾಕಿಸಿದ್ದೇನೆ. ಮೈಕಿನ ತುದಿಗೆ ಸ್ಪಂಜು ಕೂಡ, ಯಾಕೆಂದರೆ ಫ್ಯಾನ್ ಇಲ್ಲದೆ ಕೂರುವ ಪ್ರಶ್ನೆಯೇ ಇಲ್ಲ.

ಜೂನ್

ಮಳೆ ಶುರುವಾಯಿತು. ನನ್ನ ಕೋಣೆ ಮಹಡಿಯಲ್ಲಿ, ಮೇಲೆ ಶೀಟ್. ಜೋರು ಮಳೆ ಬಂದರೆ ಎದುರು ಕೂತವರ ಮಾತೂ ಕೇಳುವುದಿಲ್ಲ. ಸ್ಪೀಚ್ ಎಂಜಿನ್ ಆ ಸದ್ದಿನಲ್ಲೇ ಮಾತು ಹುಡುಕತೊಡಗಿತು. ನಾನು ಬಾಯಿ ತೆರೆಯದೆ ಲ್ಯಾಂಡಿಂಗ್ ಲೈಟ್ ಆರುತ್ತಿತ್ತು.

ಇಲ್ಲೊಂದು ಮಾತು ಸ್ಪಷ್ಟ ಇರಬೇಕು. ಹೆಡ್‌ಸೆಟ್ ಡಬ್ಬಿಯ ಮೇಲೆ ಬರೆದ ನಾಯ್ಸ್ ಕ್ಯಾನ್ಸಲಿಂಗ್ ಬಹಳ ಸಲ ನಮ್ಮ ಕಿವಿಗೆ ಸಂಬಂಧಿಸಿದ್ದು. ನಮಗೆ ಮಳೆ ಕೇಳುವುದಿಲ್ಲ, ಮೈಕಿಗೆ ಕೇಳುತ್ತದೆ. ಮೈಕಿನ ಕಡೆ ಏನು ಮಾಡಿದ್ದಾರೆ ಅಂತ ಬೇರೆಯೇ ನೋಡಬೇಕು.

ಪರಿಹಾರ ಹೇಳಿದ್ದು ಯಕ್ಷಗಾನ ಮೇಳಗಳಿಗೆ ಮೈಕ್ ಸೆಟ್ ಹಾಕುವ ಗೆಳೆಯ. ಚೆಂಡೆ ಪಕ್ಕದಲ್ಲೇ ಇದ್ದರೂ ಭಾಗವತರ ಪದ ಕೊನೆಯ ಸಾಲಿಗೆ ಕೇಳಿಸುವುದು ಅವನ ದಿನದ ಕೆಲಸ. ಬಂದವನು ಮೊದಲು ನನ್ನ ಮೈಕ್ ಹಿಡಿದು ಬಗ್ಗಿಸಿದ.

"ಇಷ್ಟು ದೂರ ಎಂತಕ್ಕೆ ಇಟ್ಟದ್ದು ಮಾರಾಯ? ಹತ್ತಿರ ತಾ. ಆದ್ರೆ ಎದುರು ಬೇಡ, ಬಾಯಿಯ ಬದಿಗೆ ಇಡು. ಉಸಿರು ಅದ್ರ ಮೇಲೆ ಬೀಳ್ಬಾರ್ದು. ಮತ್ತೆ ವಾಲ್ಯೂಮ್ ಇಳಿಸು."

ಲೆಕ್ಕ ಸರಳ. ಮೈಕ್ ಮತ್ತು ಬಾಯಿಯ ನಡುವಿನ ದೂರ ಅರ್ಧ ಆದರೆ ಮಾತು ಸುಮಾರು 6 ಡೆಸಿಬೆಲ್ ಏರುತ್ತದೆ. ಮಳೆ ಎಲ್ಲ ಕಡೆಯಿಂದ ಬರುವ ಸದ್ದು, ಅದು ಇದ್ದಷ್ಟೇ ಇರುತ್ತದೆ. ಆಮೇಲೆ ಮೈಕ್ ಲೆವೆಲ್ ಇಳಿಸಿದರೆ ಮಳೆ ಕೆಳಗೆ ಹೋಗುತ್ತದೆ, ಮಾತು ಮೊದಲಿನ ಮಟ್ಟದಲ್ಲೇ ನಿಲ್ಲುತ್ತದೆ. ಇದಕ್ಕೆ ಉದ್ದ ಕಡ್ಡಿಯ ಬೂಮ್ ಮೈಕೇ ಬೇಕು. ಕಿವಿಯ ಬಟ್ಟಲಿನೊಳಗೆ ಮೈಕ್ ಅಡಗಿಸಿದ ಹೆಡ್‌ಸೆಟ್ ಎಷ್ಟು ದುಬಾರಿ ಇದ್ದರೂ ಈ ಕೆಲಸಕ್ಕೆ ನಾನು ಬೇಡ ಅನ್ನುತ್ತೇನೆ.

ಜೊತೆಗೆ ಯೋಕ್‌ನ ಒಂದು ಬಟನ್ನನ್ನು ಮಾತಿಗೆ ಮೀಸಲಿಟ್ಟೆ. ಒತ್ತಿ ಹಿಡಿದಾಗ ಮಾತ್ರ ವಾಯ್ಸ್‌ಅಟ್ಯಾಕ್ ಕೇಳುತ್ತದೆ. ಒತ್ತಿದ ತಕ್ಷಣ ಮಾತಾಡಿದರೆ ಮೊದಲ ಅಕ್ಷರ ಹೋಗುತ್ತದೆ. ಒತ್ತು, ಒಂದು ಕ್ಷಣ ತಡೆ, ಆಮೇಲೆ ಹೇಳು. ನಿಜವಾದ ರೇಡಿಯೋದಲ್ಲಿ ಪೈಲಟ್‌ಗಳಿಗೆ ಕಲಿಸುವುದೂ ಇದನ್ನೇ.

ಜುಲೈ

ಈಗ ಆಜ್ಞೆಗಳನ್ನು ತಿದ್ದುತ್ತಿದ್ದೇನೆ. "ಗೇರ್ ಅಪ್", "ಗೇರ್ ಡೌನ್" ಎರಡಕ್ಕೂ ಮೊದಲ ಪದ ಒಂದೇ. "ಅಪ್" ತೀರ ಚಿಕ್ಕದು, ಮಳೆಯಲ್ಲಿ ಕಳೆದುಹೋಗುತ್ತದೆ. ಏರುವಾಗ ವಿಮಾನದಲ್ಲಿ "ಪಾಸಿಟಿವ್ ರೇಟ್, ಗೇರ್ ಅಪ್" ಅನ್ನುವ ರೂಢಿ ಇದೆ. ಇಡೀ ಮಾತನ್ನೇ ಆಜ್ಞೆ ಮಾಡಿದೆ. ಉದ್ದ ಜಾಸ್ತಿ ಆದಷ್ಟೂ ಎಂಜಿನ್ ತಡವರಿಸುವುದು ಕಡಿಮೆ. ದಿಕ್ಕಿಗೆ ಒಂದೊಂದು ಸಂಖ್ಯೆಗೂ ಬೇರೆ ಆಜ್ಞೆ ಬರೆಯಬೇಕಾಗಿಲ್ಲ. "ಹೆಡಿಂಗ್" ಪಕ್ಕದಲ್ಲಿ ಚೌಕ ಆವರಣದೊಳಗೆ 1ರಿಂದ 360ರವರೆಗೆ ಅಂತ ವ್ಯಾಪ್ತಿ ಕೊಟ್ಟರೆ ಸಾಕು.

ಎಷ್ಟು ಖಾತ್ರಿ ಇದ್ದರೆ ಆಜ್ಞೆ ನಡೆಸಬೇಕು ಅನ್ನುವುದನ್ನೂ ನೂರರ ಲೆಕ್ಕದಲ್ಲಿ ಹೇಳಬಹುದು. ಲೈಟ್‌ಗಳಿಗೆ ಕಡಿಮೆ ಇಟ್ಟಿದ್ದೇನೆ, ಗೇರ್ ಮತ್ತು ಫ್ಲ್ಯಾಪ್‌ಗೆ ಜಾಸ್ತಿ. ಲೈಟ್ ತಪ್ಪಾಗಿ ಹತ್ತಿದರೆ ಏನೂ ಆಗುವುದಿಲ್ಲ. ತಗ್ಗಿನಲ್ಲಿ ಹಾರುವಾಗ ಫ್ಲ್ಯಾಪ್ ತಾನಾಗಿ ಮೇಲೆ ಹೋದರೆ ವಿಮಾನ ಕೆಳಗೆ ಬೀಳಬಹುದು.

ಕಳೆದ ವಾರಾಂತ್ಯ ಬೆಂಗಳೂರಿನಿಂದ ಹೊರಟು ಮೂಡಬಿದಿರೆ ದಿಕ್ಕಿನಿಂದ ಬಂದು ರನ್‌ವೇಯ 24 ಅನ್ನುವ ತುದಿಗೆ ಇಳಿದೆ. ಹೊರಗೂ ಮಳೆ, ಪರದೆಯಲ್ಲೂ ಮಳೆ. ಗೇರ್, ಫ್ಲ್ಯಾಪ್, ಲೈಟ್ ಎಲ್ಲ ಬಾಯಿಮಾತಿನಲ್ಲೇ ಆಯಿತು, ಕೈ ಯೋಕ್ ಬಿಡಲಿಲ್ಲ. ಇಷ್ಟು ದಿನ ಬಯಸಿದ್ದು ಇದೇ. ಇಳಿದ ಮೇಲೂ ಸ್ವಲ್ಪ ಹೊತ್ತು ಹಾಗೇ ಕೂತಿದ್ದೆ.

ಬಾಕಿ ಉಳಿದದ್ದು ರನ್‌ವೇ 06, ಅಂದರೆ ಅದೇ ರನ್‌ವೇಯ ಇನ್ನೊಂದು ತುದಿ. ಕಡಲ ಕಡೆಯಿಂದ, ಕೂಳೂರಿನ ಮೇಲಿಂದ ಬರುವ ದಾರಿ. ಅಲ್ಲಿ ಕೊನೆಯವರೆಗೂ ಕಣ್ಣಳತೆಯಲ್ಲೇ ಹಾರಬೇಕು ಅಂತಿದ್ದೇನೆ. ಅದಕ್ಕೆ ಕಂಪ್ಯೂಟರ್ ಎತ್ತರ ಮತ್ತು ವೇಗವನ್ನು ಓದಿ ಹೇಳಬೇಕು, ಅಂದರೆ ಕೋ-ಪೈಲಟ್ ಬರೀ ಕೇಳಿದರೆ ಸಾಲದು, ಮಾತಾಡಬೇಕು. ಮುಂದಿನ ಕೆಲಸ ಅದು.