ಅಕ್ಕನ ತಪ್ಪುಗಳ ನೋಟ್‌ಬುಕ್

ಮಂಡ್ಯದಲ್ಲಿ ಇಂಜಿನಿಯರಿಂಗ್ ಸೇರುವವರೆಗೆ ನಾನು ಕಂಪ್ಯೂಟರ್ ಮುಟ್ಟಿದವಳೇ ಅಲ್ಲ. ಪಿಯುಸಿಯಲ್ಲಿ ಓದಿದ್ದು ಬಯಾಲಜಿ. ಸಿ ಅನ್ನೋ ಪ್ರೋಗ್ರಾಮಿಂಗ್ ಭಾಷೆಯ ಮೊದಲ ಲ್ಯಾಬ್‌ನಲ್ಲಿ ಪಕ್ಕದ ಹುಡುಗರು ಹತ್ತೇ ನಿಮಿಷಕ್ಕೆ ಪ್ರೋಗ್ರಾಮ್ ಮುಗಿಸಿ ಹರಟೆ ಹೊಡೆಯುತ್ತಿದ್ದರು. ನನ್ನ ಸ್ಕ್ರೀನ್ ಮೇಲೆ 'ಸೆಗ್ಮೆಂಟೇಶನ್ ಫಾಲ್ಟ್' ಅನ್ನೋ ಎರರ್ ಬಂತು. ಮೆಷಿನ್ನೇ ಕೆಡಿಸಿಬಿಟ್ಟೆ ಅಂತ ಕೈ ನಡುಗಿತು. ಬ್ರಾಂಚ್ ಬದಲಾಯಿಸೋಣ ಅಂತ ಅವತ್ತೇ ಅಂದುಕೊಂಡೆ.

ಸಂಜೆ ಹಾಸ್ಟೆಲ್‌ನಲ್ಲಿ ಮೂರನೇ ವರ್ಷದ ಅಕ್ಕ ಒಬ್ಬರು ನನ್ನ ಕೋಡ್ ನೋಡಿದರು. ಟೈಪ್ ಮಾಡಿದ್ದನ್ನು ಓದಿಕೊಳ್ಳುವ ಸ್ಕ್ಯಾನ್‌ಎಫ್ ಸಾಲಿನ ಮೇಲೆ ಬೆರಳಿಟ್ಟರು. ಓದಿದ್ದನ್ನು ಮೆಮೊರಿಯ ಯಾವ ವಿಳಾಸಕ್ಕೆ ಹಾಕಬೇಕು ಅಂತ ಹೇಳುವ & ಗುರುತು ಅಲ್ಲಿರಲಿಲ್ಲ. "ಆಂಪರ್‌ಸೆಂಡ್ ಎಲ್ಲವ್ವ? ಅಡ್ರೆಸ್ ಬರೀದೇ ಕಾಗ್ದ ಹಾಕುದ್ರೆ ಎಲ್ಲಿಗೆ ಹೋಯ್ತದೆ?" ಆಮೇಲೆ ಟ್ರಂಕ್‌ನಿಂದ 200 ಪುಟದ ನೋಟ್‌ಬುಕ್ ತೆಗೆದರು. ಎಡಕ್ಕೆ ಎರರ್, ಬಲಕ್ಕೆ ಕಾರಣ, ಕೆಳಗೆ ಅದಕ್ಕೆ ಹಿಡಿದ ಸಮಯ. ಮೂರನೇ ಪುಟದಲ್ಲಿ ಇದೇ ಆಂಪರ್‌ಸೆಂಡ್ ಇತ್ತು. ಅವರಿಗೆ ಹಿಡಿದದ್ದು ಒಂದೂವರೆ ದಿನ!

ನಾನು ಬ್ರಾಂಚ್ ಬದಲಾಯಿಸಲಿಲ್ಲ.

ದೊಡ್ಡವರ ಕಥೆಗಳೂ ಬೇಕು. ಹಳೇ ಮೈಸೂರು ವಿಶ್ವವಿದ್ಯಾಲಯದಲ್ಲಿ ಗಣಿತ ಓದಿದ ರಾಜೇಶ್ವರಿ ಚಟರ್ಜಿ ಮಿಷಿಗನ್‌ಗೆ ಹೋಗಿ ಪಿಎಚ್‌ಡಿ ಮಾಡಿ, ಬೆಂಗಳೂರಿನ ಐಐಎಸ್‌ಸಿಯಲ್ಲಿ ಮೈಕ್ರೋವೇವ್ ಇಂಜಿನಿಯರಿಂಗ್ ಕಲಿಸಿದರು. ಓದಿದರೆ ಎದೆ ತುಂಬುತ್ತದೆ. ಆದರೆ ರಾತ್ರಿ ಹನ್ನೊಂದಕ್ಕೆ, ಮೆಮೊರಿಯ ವಿಳಾಸ ಇಟ್ಟುಕೊಳ್ಳುವ ಪಾಯಿಂಟರ್ ತಲೆಗೆ ಹೋಗದೆ ಅಳು ಬಂದಾಗ ಪಕ್ಕದಲ್ಲಿ ಒಬ್ಬರು ಕೂರಬೇಕು, ಅಲ್ವಾ? ತಾನೂ ಇಲ್ಲೇ ಎಡವಿದ್ದೆ ಅಂತ ಹೇಳಬೇಕು.

ಅಮೆರಿಕದ ಕಂಪ್ಯೂಟರ್ ವಿಜ್ಞಾನಿ ಗ್ರೇಸ್ ಹಾಪರ್ ಇದ್ದ ತಂಡಕ್ಕೆ 1947ರಲ್ಲಿ ಹಾರ್ವರ್ಡ್‌ನ ಮಾರ್ಕ್ 2 ಕಂಪ್ಯೂಟರ್‌ನ ರಿಲೇ ಅನ್ನೋ ವಿದ್ಯುತ್ ಸ್ವಿಚ್ಚಿನಲ್ಲಿ ಒಂದು ಪತಂಗ ಸಿಕ್ಕಿತ್ತು. ಅದನ್ನು ಮೆಷಿನ್‌ನ ಕೆಲಸ, ತೊಂದರೆ ಬರೆದಿಡುವ ಲಾಗ್‌ಬುಕ್‌ಗೆ ಟೇಪ್ ಹಚ್ಚಿ ಅಂಟಿಸಿದ್ದರು. ಆ ಪುಟದ ಫೋಟೋ ಮೊದಲ ಸಲ ನೋಡಿದಾಗ ನನಗೆ ನೆನಪಾಗಿದ್ದು ಅಕ್ಕನ ನೋಟ್‌ಬುಕ್ಕೇ.

ಅಮೆರಿಕದ ಹಾರ್ವೆ ಮಡ್ ಕಾಲೇಜಿನಲ್ಲಿ 2006ರ ಸುಮಾರಿಗೆ ಕಂಪ್ಯೂಟರ್ ಸೈನ್ಸ್‌ನಲ್ಲಿ ಹುಡುಗಿಯರು ನೂರಕ್ಕೆ 10ರಷ್ಟು ಇದ್ದರು. ಕೋಡಿಂಗ್ ಮೊದಲೇ ಗೊತ್ತಿದ್ದವರನ್ನೂ ಹೊಸಬರನ್ನೂ ಬೇರೆ ಬೇರೆ ಕ್ಲಾಸ್‌ನಲ್ಲಿ ಕೂರಿಸಿದರು. ಮೊದಲ ವರ್ಷದ ಹುಡುಗಿಯರನ್ನು ಗ್ರೇಸ್ ಹಾಪರ್ ಹೆಸರಿನ ಸಮ್ಮೇಳನಕ್ಕೆ ಕರೆದುಕೊಂಡು ಹೋದರು. ಅಲ್ಲಿ ಈ ಕೆಲಸದಲ್ಲಿರುವ ಹೆಂಗಸರೇ ಸಾವಿರಾರು. ಕೆಲವೇ ವರ್ಷಗಳಲ್ಲಿ ಲೆಕ್ಕ ನೂರಕ್ಕೆ 40ರ ಹತ್ತಿರ ಬಂತು. ನಮ್ಮಲ್ಲಿ ಪಿಯುಸಿಯಲ್ಲಿ ಕಂಪ್ಯೂಟರ್ ಓದಿದ ಪಿಸಿಎಂಸಿಯವರು, ಬಯಾಲಜಿ ಓದಿದ ಪಿಸಿಎಂಬಿಯವರು ಎಲ್ಲರೂ ಒಂದೇ ಲ್ಯಾಬ್‌ನಲ್ಲಿ. ಹೆದರಿದ ಹುಡುಗಿ ಬಾಯಿ ಬಿಡೋದಿಲ್ಲ.

ಈಗ ಮೈಸೂರಿನ ಕುವೆಂಪುನಗರದ ನನ್ನ ಮನೆಗೆ ಶನಿವಾರ ಇಬ್ಬರು ಹುಡುಗಿಯರು ಬರುತ್ತಾರೆ. ಒಬ್ಬಳು ಪಾಂಡವಪುರದಿಂದ ರೈಲಿನಲ್ಲಿ. ಮೂರು ವಾರ ಅವಳು ಸುಮ್ನೆ ತಲೆ ಆಡಿಸಿದಳು. ನಾಲ್ಕನೇ ವಾರ ನಾನು ಆಫೀಸಿನಲ್ಲಿ ಮಾಡಿದ ಎಡವಟ್ಟು ಹೇಳಿದೆ. ಯಾವ ಸಾಲು ಬದಲಾಯಿಸಬೇಕು ಅಂತ ಹೇಳುವ 'ವೇರ್' ಹಾಕದೆ ಅಪ್‌ಡೇಟ್ ಓಡಿಸಿ, ಟೆಸ್ಟ್ ಡೇಟಾಬೇಸ್‌ನ ಒಂದಿಡೀ ಟೇಬಲ್ ಹಾಳು ಮಾಡಿದ್ದೆ.

"ಅಕ್ಕ, ನಿಮ್ಗೂ ಹಿಂಗಾಯ್ತದಾ?" ಅಂದಳು. ಬ್ಯಾಗಿನಿಂದ ಲ್ಯಾಪ್‌ಟಾಪ್ ತೆಗೆದಳು. ಅವಳ ಲೂಪ್ ಒಂದು ಸುತ್ತು ಜಾಸ್ತಿ ತಿರುಗುತ್ತಿತ್ತು. ಅವಳೇ ಹುಡುಕಲಿ ಅಂತ ಕಾದೆ. ಸಿಕ್ಕಿತು, ಆದರೆ ಅಷ್ಟರಲ್ಲಿ ರೈಲು ತಪ್ಪಿತ್ತು. ಅವಳ ಅಪ್ಪನಿಗೆ ಫೋನ್ ಮಾಡಿ ಹೇಳಿ, ಸಬರ್ಬ್ ಬಸ್ ಸ್ಟ್ಯಾಂಡ್‌ಗೆ ಹೋಗಿ ಬಸ್ ಹತ್ತಿಸಿ ಬಂದೆ.