ಹೊಲದ ಬಣ್ಣ ನೋಡಿ ಹಾರಿ: ದುರ್ಗದಿಂದ ದಾವಣಗೆರೆ ಕಡೆಗೆ ಹ್ಯಾಂಗ್ ಗ್ಲೈಡರ್‌ನಲ್ಲಿ

ನಮ್ಮ ಹಾರಾಟಕ್ಕೆ ದಿನ ಗೊತ್ತು ಮಾಡಿದ್ದು ಕಡಲೆ ಒಕ್ಕಣೆ. ಭರಮಸಾಗರದ ಕಡೆಯ ಪರಿಚಯದ ರೈತರೊಬ್ಬರಿಗೆ ಜನವರಿಯಿಂದಲೇ ಫೋನ್ ಮಾಡುತ್ತಿದ್ದೆ. "ಹೊಲ ಖಾಲಿ ಆಯ್ತಾ?" ಅಂತ. ಮೂರನೇ ಸಲಕ್ಕೆ ಅವರಿಗೆ ಬೇಜಾರಾಯಿತು. "ಆದ್ಮೇಲೆ ನಾನೇ ಹೇಳ್ತೀನಿ ಬಿಡ್ರಿ. ನಿಮಗೇನು ಹೊಟ್ಟು ಬೇಕಾಗಿತ್ತಾ?" ಎಂದರು. ಫೆಬ್ರವರಿ ಕೊನೇ ವಾರ ಅವರ ಫೋನ್ ಬಂತು. ಆ ಶನಿವಾರವೇ ನಾವು ಮೂವರು ಗೆಳೆಯರು ಚಿತ್ರದುರ್ಗದ ಆಗ್ನೇಯಕ್ಕಿರುವ ಒಂದು ಕೆರೆಯಂಗಳದಿಂದ ಎದ್ದು ದಾವಣಗೆರೆ ದಿಕ್ಕಿಗೆ ಹಾರಿದೆವು. ಒಬ್ಬರು 19 ಕಿ.ಮೀ. ಹೋದರು, ನಾನು 43, ಇನ್ನೊಬ್ಬರು 55. ದಾವಣಗೆರೆ ಯಾರಿಗೂ ಸಿಗಲಿಲ್ಲ. ಯಾಕೆ ಅನ್ನೋದನ್ನು ಆಮೇಲೆ ಹೇಳುತ್ತೇನೆ.

ಇದು ಹೊಸದಾಗಿ ಕಲಿಯುವವರಿಗೆ ಬರೆದದ್ದಲ್ಲ. ಗುರುಗಳ ಹತ್ತಿರ ಕಲಿತು, ಹಗ್ಗದ ಎಳೆತದಿಂದ ಹತ್ತಾರು ಸಲ ಎದ್ದು, ಗೊತ್ತಿಲ್ಲದ ಜಾಗದಲ್ಲಿ ಇಳಿದು ರೂಢಿ ಇರುವವರಿಗೆ ಮಾತ್ರ. ಪ್ಯಾರಾಗ್ಲೈಡಿಂಗ್ ಮಾಡಿದ್ದೇನೆ, ಇದೂ ಅದೇ ಅಲ್ವಾ ಎಂದು ಕೇಳುವವರಿದ್ದಾರೆ. ಅಲ್ಲ. ಪ್ಯಾರಾಗ್ಲೈಡರ್ ಮಡಚಿದರೆ ಬೆನ್ನಚೀಲಕ್ಕೆ ಸೇರುತ್ತದೆ. ನಮ್ಮ ಹ್ಯಾಂಗ್ ಗ್ಲೈಡರ್ ಅಲ್ಯೂಮಿನಿಯಂ ಕೊಳವೆಗಳಿಗೆ ಬಟ್ಟೆ ಬಿಗಿದ ರೆಕ್ಕೆ. ಎಂಜಿನ್ ಇಲ್ಲ, ಅದರ ಕೆಳಗೆ ನೇತಾಡುತ್ತಾ ಹಾರುವುದು. ತೂಕ 30 ಕಿಲೋ ಹತ್ತಿರ, ಮಡಚಿದರೂ ಐದೂವರೆ ಮೀಟರ್ ಉದ್ದ. ಜೀಪಿನ ಮೇಲೆ ಕಟ್ಟಿದರೆ ಹಿಂದೆ ಮುಂದೆ ಚಾಚಿಕೊಂಡಿರುತ್ತದೆ. ತುದಿಗೆ ಕೆಂಪು ಬಟ್ಟೆ ಕಟ್ಟಿ. ಹಿರಿಯೂರಿನ ಚಹಾ ಅಂಗಡಿಯಲ್ಲಿ ಒಬ್ಬರು, "ಶಾಮಿಯಾನಾದವರಾ? ಎಲ್ಲಿ ಮದುವೆ?" ಎಂದು ಕೇಳಿದರು. ಹೂಂ ಎಂದುಬಿಟ್ಟೆವು. ವಿವರಿಸುವಷ್ಟು ಹೊತ್ತಿರಲಿಲ್ಲ.

ಕಾಲದ ಬಗ್ಗೆ ಸ್ವಲ್ಪ ಜಾಸ್ತಿ ಹೇಳಬೇಕು. ಆಷಾಢದ ಗಾಳಿಯಲ್ಲಿ ಈ ಕಡೆ ಬರಲೇ ಬೇಡಿ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಪಡುವಣ ಗಾಳಿ ಬಿಡುವಿಲ್ಲದೆ ಬೀಸುತ್ತದೆ. ದುರ್ಗದ ಗುಡ್ಡಗಳ ಮೇಲೆ ಸಾಲುಸಾಲು ಗಾಳಿಯಂತ್ರ ನಿಂತಿರುವುದು ಸುಮ್ನೆ ಅಲ್ಲ. ಅಕ್ಟೋಬರ್ ಹೊತ್ತಿಗೆ ಗಾಳಿ ಇಳಿಯುತ್ತದೆ, ಆದರೆ ಹೊಲದಲ್ಲಿ ಮೆಕ್ಕೆಜೋಳ ಆಳೆತ್ತರ ನಿಂತಿರುತ್ತದೆ. ಇಳಿಯುವುದೆಲ್ಲಿ? ಏಪ್ರಿಲ್, ಮೇನಲ್ಲಿ ಹೊಲ ಖಾಲಿ, ಬಿಸಿಲೂ ಖಾರ. ಆದರೆ ಮಧ್ಯಾಹ್ನ ಮೂರರ ಮೇಲೆ ಗುಡುಗಿನ ಮೋಡ ಎಲ್ಲಿಂದಲೋ ಬಂದು ನಿಲ್ಲುತ್ತದೆ. ಅಂಥ ಮೋಡ ಕೆಳಗಿನ ಗಾಳಿಯನ್ನೆಲ್ಲ ತನ್ನೊಳಗೆ ಎಳೆದುಕೊಳ್ಳುತ್ತದೆ. ಜೊತೆಗೆ ನಿಮ್ಮನ್ನೂ. ಹಾಗಾಗಿ ಉಳಿಯುವುದು ಫೆಬ್ರವರಿ ಎರಡನೇ ಅರ್ಧ ಮತ್ತು ಮಾರ್ಚ್. ಜೋಳ, ಕಡಲೆ ಕಟಾವಾಗಿರುತ್ತದೆ. ಕೆಲವರು ಆಗಲೇ ಮಾಗಿ ಉಳುಮೆ ಮುಗಿಸಿರುತ್ತಾರೆ. ಗಾಳಿ ಪೂರ್ವದಿಂದಲೋ ಆಗ್ನೇಯದಿಂದಲೋ ಮೆಲ್ಲಗೆ ಬರುತ್ತದೆ. ಒಣಗಿದ ಬರಿ ನೆಲ ಬೇಗ ಕಾಯುತ್ತದೆ. ಅದರ ಮೇಲಿನ ಗಾಳಿ ಹಗುರಾಗಿ ಮೇಲೇಳುತ್ತದೆ. ಆ ಏರುಗಾಳಿಯೊಳಗೆ ಸುತ್ತುತ್ತಾ ಎತ್ತರ ಗಳಿಸುವುದು, ಗಳಿಸಿದ್ದನ್ನು ಖರ್ಚು ಮಾಡುತ್ತಾ ಮುಂದೆ ಜಾರುವುದು. ನಮ್ಮಂಥ ರೆಕ್ಕೆ ಒಂದು ಕಿ.ಮೀ. ಎತ್ತರದಿಂದ ಗಾಳಿಯಾಡದ ದಿನ ಸುಮಾರು ಹತ್ತು ಕಿ.ಮೀ. ದೂರ ಜಾರುತ್ತದೆ. ಬೆನ್ನ ಹಿಂದೆ ಗಾಳಿ ಇದ್ದರೆ ಇನ್ನೂ ಸ್ವಲ್ಪ. ದೂರದ ಹಾರಾಟದ ಲೆಕ್ಕ ಇಷ್ಟೇ.

ಎಲ್ಲಿಂದ ಏಳುವುದು? ದುರ್ಗ ಅಂದ ಕೂಡಲೇ ಎಲ್ಲರೂ ಜೋಗಿಮಟ್ಟಿ ಅನ್ನುತ್ತಾರೆ. ಎತ್ತರದ ಜಾಗ, ರಸ್ತೆಯೂ ಇದೆ, ನಿಜ. ಆದರೆ ಅದು ವನ್ಯಜೀವಿ ಧಾಮ. ಅಲ್ಲಿಂದ ಹಾರುವ ಆಸೆ ಬಿಟ್ಟುಬಿಡಿ. ನಾವು ಆರಿಸಿಕೊಂಡದ್ದು ಐಮಂಗಲ ದಾಟಿದ ಮೇಲೆ ಸಿಗುವ ಒಂದು ಒಣಗಿದ ಕೆರೆ. ಅಂಗಳ ಒಂದು ಕಿ.ಮೀ.ಗೂ ಉದ್ದ, ತಟ್ಟೆಯ ಹಾಗೆ ಸಮ. ಊರಿನ ಹಿರಿಯರಿಗೂ ಪಂಚಾಯಿತಿಗೂ ಮೊದಲೇ ಹೇಳಿದ್ದೆವು. ಕೆರೆ ಚೆನ್ನಾಗಿ ತುಂಬಿದ ವರ್ಷ ಈ ಜಾಗ ಸಿಗುವುದಿಲ್ಲ. ಹಾರುವವರಿಗೆ ಬರ ಒಳ್ಳೆಯದು ಎಂದು ಊರವರ ಎದುರು ಬಾಯಿಬಿಡಬೇಡಿ ಮತ್ತೆ!

ಕಾಗದಪತ್ರದ ವಿಷಯ. ಜಿಲ್ಲಾಡಳಿತಕ್ಕೂ ಪೊಲೀಸರಿಗೂ ದಿನ, ಹೊತ್ತು, ದಾರಿ ಎಲ್ಲ ಬರೆದು ಕೊಟ್ಟು ಒಪ್ಪಿಗೆ ತೆಗೆದುಕೊಂಡೆವು. ಆಕಾಶದ ಕಡೆಯ ನಿಯಮಗಳನ್ನು ಬಲ್ಲವರಿಂದ ಓದಿಸಿಕೊಂಡೆವು. ಇದಕ್ಕೆ ಎರಡು ತಿಂಗಳು ಇಟ್ಟುಕೊಳ್ಳಿ. ಯಾಕಿಷ್ಟು ಅಂದರೆ, ಪೂರ್ವಕ್ಕೆ ಚಳ್ಳಕೆರೆ ಹತ್ತಿರ ರಕ್ಷಣಾ ಸಂಶೋಧನಾ ಸಂಸ್ಥೆ ಡಿಆರ್‌ಡಿಒದ ವೈಮಾನಿಕ ಪರೀಕ್ಷಾ ವಲಯ ಇದೆ. ಪೈಲಟ್ ಇಲ್ಲದ ವಿಮಾನಗಳನ್ನು ಅಲ್ಲಿ ಹಾರಿಸಿ ನೋಡುತ್ತಾರೆ. 2023ರ ಏಪ್ರಿಲ್ 2ರಂದು ಇಸ್ರೋ ತನ್ನ ಮರುಬಳಕೆಯ ರೆಕ್ಕೆಯ ವಾಹನವನ್ನು ಹೆಲಿಕಾಪ್ಟರ್‌ನಲ್ಲಿ ನಾಲ್ಕೂವರೆ ಕಿ.ಮೀ. ಎತ್ತರಕ್ಕೆ ಒಯ್ದು, ಅಲ್ಲಿಂದ ಬಿಟ್ಟು, ತಾನಾಗಿ ಇಳಿಯುವ ಹಾಗೆ ಮಾಡಿದ್ದೂ ಅಲ್ಲೇ. ಎಂಜಿನ್ ಇಲ್ಲದೆ ಜಾರಿ ಇಳಿಯುವುದರಲ್ಲಿ ಅದು ನಮಗೆ ದೊಡ್ಡಪ್ಪನ ಮಗ ಆಗಬೇಕು. ಆದರೂ ಆ ಕಡೆ ತಲೆ ಹಾಕುವ ಹಾಗಿಲ್ಲ. ಗಾಳಿ ಪಶ್ಚಿಮದಿಂದ ಬೀಸತೊಡಗಿ ನಿಮ್ಮನ್ನು ಪೂರ್ವಕ್ಕೆ ತಳ್ಳುವ ಲಕ್ಷಣ ಕಂಡರೆ ಆ ದಿನ ರೆಕ್ಕೆ ಬಿಚ್ಚಲೇ ಬೇಡಿ.

ನಾವು ನಾಲ್ಕು ಜನ. ದಾವಣಗೆರೆಯಲ್ಲಿ ಪಾಠ ಹೇಳುವ ಮೇಷ್ಟ್ರು. ಗಾಳಿಯಂತ್ರ ರಿಪೇರಿ ಮಾಡುವ ಎಂಜಿನಿಯರ್ ಗೆಳೆಯ. ನಾನು. ನಾಲ್ಕನೆಯವರು ಜೀಪಿನ ಅಣ್ಣ. ಅವರು ಹಾರುವುದಿಲ್ಲ. "ನೆಲದ ಮೇಲೆ ನನಗೇನೂ ಕಡಿಮೆ ಆಗಿಲ್ಲ" ಅನ್ನುತ್ತಾರೆ. ಆದರೆ ಅವರಿಲ್ಲದಿದ್ದರೆ ನಾವ್ಯಾರೂ ಮೇಲೇಳುವುದಿಲ್ಲ, ಮನೆಗೂ ಬರುವುದಿಲ್ಲ. ಜೀಪಿನ ಹಿಂದೆ ವಿಂಚ್, ಅಂದರೆ ಹಗ್ಗ ಸುತ್ತಿದ ರಾಟೆ ಕೂರಿಸಿದ್ದೇವೆ. ಜೀಪು ಮುಂದೆ ಓಡಿದಂತೆ ಹಗ್ಗ ಹದವಾದ ಬಿಗಿಯಲ್ಲಿ ಬಿಚ್ಚಿಕೊಳ್ಳುತ್ತದೆ, ರೆಕ್ಕೆ ಗಾಳಿಪಟದ ಹಾಗೆ ಏರುತ್ತದೆ. ಹಗ್ಗಕ್ಕೂ ಹಾರುವವನಿಗೂ ನಡುವೆ ಒಂದು ತೆಳು ದಾರದ ಕುಣಿಕೆ ಇರುತ್ತದೆ. ಎಳೆತ ಮಿತಿ ಮೀರಿದರೆ ಮೊದಲು ಅದೇ ಕಡಿಯಬೇಕು. ಅದು ಮೇಲಿಂದ ಮೇಲೆ ಕಡಿಯುತ್ತದೆ ಎಂದು ದಪ್ಪ ದಾರ ಹಾಕುವವರನ್ನು ನೋಡಿದ್ದೇನೆ. ಫ್ಯೂಸ್ ಹೋಗುತ್ತದೆ ಅಂತ ತಂತಿ ಸುತ್ತಿದ ಹಾಗೆ ಅದು.

ಇನ್ನೊಂದು ಮಾತು, ಇದನ್ನು ಹತ್ತು ಸಲ ಹೇಳಿದರೂ ಕಡಿಮೆ. ಹಾರುವ ಮುಂಚೆ ಮೈಗೆ ಕಟ್ಟಿಕೊಂಡ ಪಟ್ಟಿಗಳ ತೊಡುಗೆ, ಅಂದರೆ ಹಾರ್ನೆಸ್‌ನ ಕೊಂಡಿಯನ್ನು ರೆಕ್ಕೆಗೆ ಸಿಕ್ಕಿಸಿ, ನೇತು ಬಿದ್ದು ನೋಡಿ. ಇನ್ನೊಬ್ಬರು ಬಂದು ಮುಟ್ಟಿ ನೋಡಬೇಕು. ಈ ಆಟದಲ್ಲಿ ಕೊಂಡಿ ಹಾಕುವುದನ್ನೇ ಮರೆತು ಓಡಿದವರಿದ್ದಾರೆ. ಆ ದಿನ ಮೇಷ್ಟ್ರು ಕೊಂಡಿ ಹಾಕಿ, ಹೆಲ್ಮೆಟ್ ತರಲೆಂದು ಬಿಚ್ಚಿ, ಹಾಗೇ ಬಂದು ನಿಂತಿದ್ದರು. ಜೀಪಿನ ಅಣ್ಣ ನೋಡಿದರು. "ಮೇಷ್ಟ್ರೇ, ಹಾಜರಿ ಹಾಕಿದ್ರಾ?" ಎಂದಷ್ಟೇ ಕೇಳಿದರು.

ಹನ್ನೆರಡೂ ಕಾಲಿಗೆ ನಾನು ಎದ್ದೆ. 450 ಮೀಟರ್ ಎತ್ತರದಲ್ಲಿ ಹಗ್ಗ ಬಿಟ್ಟೆ. ಮೊದಲ ಐದು ನಿಮಿಷ ಬರೀ ಇಳಿತ. ಏರುತ್ತಿದ್ದೇವೋ ಇಳಿಯುತ್ತಿದ್ದೇವೋ ಎಂದು ದನಿಯಲ್ಲೇ ಹೇಳುವ ವೇರಿಯೋಮೀಟರ್ ಸತ್ತ ಹಾಗೆ ಗೊಣಗುತ್ತಿತ್ತು. ಆಗ ಎಡಕ್ಕೆ ಎರಡು ಹದ್ದು ರೆಕ್ಕೆ ಬಡಿಯದೆ ಸುತ್ತುವುದು ಕಂಡಿತು. ಕೆಳಗೆ ಹೊಸದಾಗಿ ಉತ್ತ ಕೆಂಪು ಹೊಲ, ಅದರ ಅಂಚಿಗೆ ಬಂಡೆ. ಅಲ್ಲಿಗೆ ಹೋದೆ. ವೇರಿಯೋ ಟಿಕ್‌ಟಿಕ್ ಎಂದು ಜೀವ ಹಿಡಿಯಿತು. ಹದ್ದು ಯಾವ ದಿಕ್ಕಿಗೆ ಸುತ್ತುತ್ತದೋ ಅದೇ ದಿಕ್ಕಿಗೆ ನೀವೂ ಸುತ್ತಿ. ಅವು ಮೊದಲು ಬಂದಿರುತ್ತವೆ, ಮರ್ಯಾದೆ. ಇಪ್ಪತ್ತು ನಿಮಿಷದಲ್ಲಿ ನೆಲದಿಂದ 1,600 ಮೀಟರ್ ಮೇಲಿದ್ದೆ. ದಕ್ಷಿಣಕ್ಕೆ ಗುಡ್ಡಗಳ ಸಂದಿನಲ್ಲಿ ಕನ್ನಡಿ ಚೂರಿನ ಹಾಗೆ ಹೊಳೆದದ್ದು ಮಾರಿಕಣಿವೆ, ಅಂದರೆ 1907ರಲ್ಲಿ ಕಟ್ಟಿ ಮುಗಿಸಿದ ವಾಣಿವಿಲಾಸ ಸಾಗರ.

ಕೋಟೆಯ ಬಂಡೆಗಳು ದೊಡ್ಡ ಒಲೆ ಇದ್ದ ಹಾಗೆ. ಬೆಳಗ್ಗೆಯಿಂದ ಕಾದು, ಮಧ್ಯಾಹ್ನದ ಹೊತ್ತಿಗೆ ಬಿಸಿಗಾಳಿಯನ್ನು ಬುಗ್ಗೆ ಬುಗ್ಗೆಯಾಗಿ ಬಿಡುತ್ತವೆ. ನೇರ ಕೋಟೆಯ ಮೇಲೆ ಹೋಗಬೇಕಿಲ್ಲ. ಗಾಳಿ ಆ ಬುಗ್ಗೆಯನ್ನು ವಾಯವ್ಯಕ್ಕೆ ತಳ್ಳಿರುತ್ತದೆ, ನಿಮಗೂ ಆ ಕಡೆಗೇ ಹೋಗಬೇಕು. ಏಳು ಸುತ್ತಿನ ಕೋಟೆ ಎಂದು ಓದಿದ್ದೆ. ಮೇಲಿಂದ ಎಣಿಸಿದೆ, ನಾಲ್ಕಕ್ಕೆ ಲೆಕ್ಕ ತಪ್ಪಿತು. ಬಂಡೆ ಯಾವುದು ಗೋಡೆ ಯಾವುದು ಗೊತ್ತಾಗುವುದಿಲ್ಲ. ಕಟ್ಟಿದವರಿಗೂ ಅದೇ ಬೇಕಾಗಿತ್ತೇನೋ.

ಎಂಜಿನಿಯರ್ ಗೆಳೆಯನ ಹಾರಾಟ ಇಲ್ಲೇ ಮುಗಿಯಿತು. ಅವನು ಎಡಕ್ಕೆ ಗುಡ್ಡದ ಸಾಲಿನ ಹತ್ತಿರ ಹೋದ. ಅಲ್ಲಿ ಏರುಗಾಳಿ ಇತ್ತು. ಗಾಳಿಯಂತ್ರಗಳೂ ಇದ್ದವು. ತಿರುಗುವ ರೆಕ್ಕೆಯ ಹಿಂದೆ ಗಾಳಿ ಕದಡಿ ಹೋಗಿರುತ್ತದೆ. ಆ ರೆಕ್ಕೆ ತಿರುಗುವ ವೃತ್ತ ಎಷ್ಟು ಅಗಲವೋ ಅದರ ಹತ್ತು ಪಟ್ಟು ದೂರಕ್ಕೂ ಅದರ ಅಲುಗಾಟ ಇರಬಹುದು. ನಮ್ಮೆಲ್ಲರಿಗಿಂತ ಚೆನ್ನಾಗಿ ಅವನಿಗೇ ಅದು ಗೊತ್ತು, ಹೊಟ್ಟೆಪಾಡೇ ಅದು. ಹಾಗಾಗಿ ಎತ್ತರ ಇದ್ದಾಗಲೇ ಆಸೆ ಬಿಟ್ಟು ತಿರುಗಿದ. ಬಯಲಿಗೆ ಬರುವಷ್ಟರಲ್ಲಿ ಎತ್ತರ ಖರ್ಚಾಗಿತ್ತು. ದುರ್ಗ ದಾಟಿ ಒಂದು ಶೇಂಗಾ ಕಿತ್ತ ಹೊಲದಲ್ಲಿ ನಿಂತುಕೊಂಡೇ ಇಳಿದ. ಮೂವರಲ್ಲಿ ಚೆಂದದ ಇಳಿತ ಅದೇ.

ಭರಮಸಾಗರದವರೆಗೆ ನನಗೆ ಕಷ್ಟವೇ ಆಗಲಿಲ್ಲ. ಕೆಂಪು ಹೊಲ, ಬೂದು ಹೊಲ, ಅಲ್ಲೊಂದು ಇಲ್ಲೊಂದು ಬಂಡೆ. ಹೆದ್ದಾರಿ 48 ಬಲಕ್ಕೆ ದಾರದ ಹಾಗೆ. ಅದನ್ನು ಕಣ್ಣಳತೆಯಲ್ಲೇ ಇಟ್ಟುಕೊಳ್ಳಿ, ಜೀಪು ಬೇಗ ಬರುತ್ತದೆ. ಆದರೆ ಅದರ ಪಕ್ಕಕ್ಕೇ ಇಳಿಯಬೇಡಿ, ತಂತಿಗಳು ಜಾಸ್ತಿ. ದೊಡ್ಡ ಕಂಬದ ತಂತಿ ಮೇಲಿಂದ ಕಾಣುತ್ತದೆ. ಕೊಳವೆಬಾವಿಯ ಪಂಪ್‌ಸೆಟ್ಟಿಗೆ ಹೋಗುವ ತಂತಿ ಕಾಣುವುದೇ ಇಲ್ಲ. ಕಂಬ ಹುಡುಕಿ, ಎರಡು ಕಂಬದ ನಡುವೆ ತಂತಿ ಇದ್ದೇ ಇದೆ ಎಂದುಕೊಳ್ಳಿ. ತೋಟದ ನಡುವೆ ಒಂಟಿ ಮನೆ ಕಂಡರೆ ಅಲ್ಲಿಗೂ ತಂತಿ ಬಂದಿರುತ್ತದೆ.

ನಂತರ ಮುಂದೆ ಹಸಿರು ಕಾಣತೊಡಗಿತು. ಈ ದಾರಿಯ ಗುಟ್ಟೆಲ್ಲ ಅದರಲ್ಲಿದೆ. ದಾವಣಗೆರೆ ಹತ್ತಿರವಾದಂತೆ ಭದ್ರಾ ಕಾಲುವೆಯ ನೀರಾವರಿ ಸಿಗುತ್ತದೆ. ಬೇಸಿಗೆ ಭತ್ತ, ಅಡಿಕೆ ತೋಟ. ನೀರು ನಿಂತ ಗದ್ದೆ ಬಿಸಿಲನ್ನೆಲ್ಲ ಕುಡಿದು ಸುಮ್ಮನಿರುತ್ತದೆ, ಏರುಗಾಳಿ ಹುಟ್ಟುವುದಿಲ್ಲ. ಬೀಳುವ ಜಾಗವೂ ಇಲ್ಲ, ಏರುವ ದಾರಿಯೂ ಇಲ್ಲ. ನನ್ನ ಹತ್ತಿರ 700 ಮೀಟರ್ ಇತ್ತು. ಹಸಿರು ಶುರುವಾಗುವ ಮುಂಚೆಯೇ, ಆನಗೋಡಿಗೆ ಇನ್ನೂ ಸ್ವಲ್ಪ ದೂರ ಇರುವಾಗ, ಇಳಿಯಲು ನಿರ್ಧರಿಸಿದೆ. ವಾಕಿಟಾಕಿಯಲ್ಲಿ ಮೇಷ್ಟ್ರಿಗೂ ಹೇಳಿದೆ. "ನಂದು 1,100 ಇದೆ, ಊರು ಕಾಣ್ತಾ ಇದೆ" ಎಂದರು.

ಇಳಿಯುವಾಗ ಹೊಗೆ, ದೂಳು ನೋಡಿ ಗಾಳಿಯ ದಿಕ್ಕು ತಿಳಿಯಿರಿ. ದೂಳಿನ ಸುಂಟರಗಾಳಿ ಎದ್ದಿದ್ದರೆ ಅದು ಹೋಗುವವರೆಗೆ ಕಾಯಿರಿ. ಮೇಲಿದ್ದಾಗ ಅದು ಏರುಗಾಳಿಯ ಗುರುತು, ನೆಲದ ಹತ್ತಿರ ಅದೇ ರೆಕ್ಕೆ ಮಗುಚಿಬಿಡುತ್ತದೆ. ಮೆಕ್ಕೆಜೋಳದ ಹೊಲ ಖಾಲಿ ಕಂಡರೂ ಗೇಣುದ್ದದ ಕೂಳೆ ಉಳಿದಿರುತ್ತದೆ. ನನ್ನ ರೆಕ್ಕೆಯ ಹಿಡಿಗೋಲಿನ ಚಕ್ರ ಅದಕ್ಕೆ ಸಿಕ್ಕಿ, ನಾನು ಮೊಣಕಾಲೂರಿ ಮುಖ ಮುಂದಾಗಿ ಬಿದ್ದೆ. ಕಡಲೆ ಕಿತ್ತ ಹೊಲ ಪಕ್ಕದಲ್ಲೇ ಇತ್ತು!

ಹೊಲದ ಯಜಮಾನರು ಓಡಿ ಬಂದರು, ಹತ್ತಿರ ಬಂದು ನಿಂತರು. "ಡ್ರೋನ್ ಬಿತ್ತೇನೋ ಅಂದ್ಕೊಂಡೆ ನೋಡ್ರಿ. ಇದರಾಗೆ ಮನುಷಾ ಅದಾನೆ!" ಅವರ ಭಯ ಸುಳ್ಳಲ್ಲ. 2019ರ ಸೆಪ್ಟೆಂಬರ್‌ನಲ್ಲಿ ದುರ್ಗದ ಹತ್ತಿರ ಜೋಡಿಚಿಕ್ಕೇನಹಳ್ಳಿಯ ಹೊಲದಲ್ಲಿ, 2023ರ ಆಗಸ್ಟ್‌ನಲ್ಲಿ ಹಿರಿಯೂರು ತಾಲ್ಲೂಕಿನಲ್ಲಿ, ಪರೀಕ್ಷೆಯ ಡ್ರೋನ್ ವಿಮಾನಗಳು ಬಿದ್ದಿದ್ದವು. ಹಾಗಾಗಿ ಮೊದಲು ಹೆಲ್ಮೆಟ್ ತೆಗೆದು ಮುಖ ತೋರಿಸಿ, ಕನ್ನಡದಲ್ಲಿ ಮಾತಾಡಿ. ಒಪ್ಪಿಗೆ ಪತ್ರದ ಒಂದು ಪ್ರತಿ ಜೇಬಿನಲ್ಲಿರಲಿ. ಮಕ್ಕಳು ಬಂದೇ ಬರುತ್ತಾರೆ. ರೆಕ್ಕೆಯ ಕೊಳವೆ ಮೇಲೆ ಹತ್ತದಂತೆ ನೋಡಿಕೊಳ್ಳಲು ಅವರಲ್ಲೇ ದೊಡ್ಡವನೊಬ್ಬನಿಗೆ ಹೇಳಿ. ನನ್ನ ಹತ್ತಿರ ಇದ್ದ ಎರಡು ಲೀಟರ್ ನೀರು ಮುಗಿದಿತ್ತು. ಅಮ್ಮ ಒಬ್ಬರು ಚೊಂಬಿನಲ್ಲಿ ಮಜ್ಜಿಗೆ ತಂದು ಕೊಟ್ಟರು.

ಮೇಷ್ಟ್ರು ದಾವಣಗೆರೆಯ ದಕ್ಷಿಣಕ್ಕೆ, ಊರು ಕಣ್ಣೆದುರೇ ಇರುವಾಗ, ಭತ್ತದ ಗದ್ದೆಯಲ್ಲಿ ಕೂತಿದ್ದರು. ಒಂದೇ ಒಂದು ಏರುಗಾಳಿ ಸಿಗಲಿಲ್ಲವಂತೆ. ಮೊಣಕಾಲುದ್ದ ಕೆಸರು. ಜೀಪು ಹೋಗುವ ದಾರಿಯೇ ಇಲ್ಲ. ನಾವು ಮೂವರೂ ಹೋಗಿ, ರೆಕ್ಕೆ ಮಡಚಿ ಹೆಗಲ ಮೇಲೆ ಹೊತ್ತು, ಕತ್ತಲಲ್ಲಿ ಬದುವಿನ ಮೇಲೆ ಒಂದು ಕಿ.ಮೀ. ನಡೆದೆವು. ಟಾರ್ಚ್ ಇಟ್ಟುಕೊಳ್ಳಿ. ಗದ್ದೆಯವರು ಮೊದಲು ರೇಗಿದರು, ಹಾಳಾದ ಪೈರು ಎಣಿಸಿದರು. ಸಾವಿರ ರೂಪಾಯಿ ಕೊಟ್ಟೆವು. ಕೊಡಲೇಬೇಕು, ಅವರು ಕೇಳದಿದ್ದರೂ. ಐನೂರು ವಾಪಸ್ ಕೊಟ್ಟು, "ಮುಂದಿನ ಸಲ ಬರಾದಾದ್ರೆ ಕೊಯ್ಲಾದ್ಮೇಲೆ ಬರ್ರಿ ಮೇಷ್ಟ್ರೇ" ಎಂದರು.

ಬೆಣ್ಣೆ ದೋಸೆ ತಿನ್ನುವ ಆಸೆ ಇತ್ತು. ಊರು ಸೇರುವಾಗ ರಾತ್ರಿ ಹತ್ತೂವರೆ, ಮಂಡಕ್ಕಿ ಮೆಣಸಿನಕಾಯಿ ಸಿಕ್ಕಿತು. ಆ ದಿನದ ದೂರದ ಪಂದ್ಯ ಮೇಷ್ಟ್ರೇ ಗೆದ್ದರು, ಬಿಲ್ಲೂ ಅವರದೇ. ಅವರ ಬಿಳಿ ರೆಕ್ಕೆಯನ್ನು ಮೂರು ಸಲ ತೊಳೆದಿದ್ದಾರಂತೆ. ಹೊಲಿಗೆಯ ಸಾಲಿನಲ್ಲಿ ಗದ್ದೆಯ ಕಪ್ಪು ಇನ್ನೂ ಹಾಗೇ ಇದೆ.