ಅಜ್ಜಿಯ ಮನೆಗೆ ಹಿಂದಿರುಗಿದ ಹುಡುಗ

2023ರ ಜೂನ್ ತಿಂಗಳ ಒಂದು ಬೆಳಿಗ್ಗೆ ಚಿತ್ರದುರ್ಗದಲ್ಲಿ ಚಳ್ಳಕೆರೆಯ ಬಸ್ಸು ಹತ್ತಿದಾಗ ನನ್ನ ಪಕ್ಕದ ಕಿಟಕಿ ಸೀಟಿನಲ್ಲಿ ಹತ್ತು ವರ್ಷದ ಹುಡುಗನೊಬ್ಬ ಕುಳಿತಿದ್ದ. ಅವನ ತೊಡೆಯ ಮೇಲೆ ಎರಡು ಜೊತೆ ಬಟ್ಟೆ, ಒಂದು ಟವೆಲು ಮತ್ತು ಶಾಲೆಯ ವರ್ಗಾವಣೆ ಪತ್ರವಿದ್ದ ಚೀಲ. ನನ್ನ ಕೈಯಲ್ಲಿ, ಆಸರೆ ಬೇಕಾದ ಮಕ್ಕಳು ಎಲ್ಲಿರಬೇಕೆಂದು ತೀರ್ಮಾನಿಸುವ ಮಕ್ಕಳ ಕಲ್ಯಾಣ ಸಮಿತಿಯ ಆದೇಶದ ಪ್ರತಿ. ಮೂರೂವರೆ ವರ್ಷ ಪಾಲನಾ ಸಂಸ್ಥೆಯೊಂದರಲ್ಲಿದ್ದ ಅವನನ್ನು ಅಜ್ಜಿಯ ಮನೆಗೆ ತಲುಪಿಸುವ ಕೆಲಸ ನನ್ನ ಪಾಲಿಗೆ ಬಂದಿತ್ತು. ಅವನು ಆ ಸಂಸ್ಥೆಗೆ ಹೋಗಲು ಕಾರಣವಾದ ವರದಿಯನ್ನು ಬರೆದವಳೂ ನಾನೇ.

ಹುಡುಗನಿಗೆ ತಾಯಿ ಮೊದಲೇ ಇರಲಿಲ್ಲ. ಲಾರಿ ಕ್ಲೀನರ್ ಆಗಿದ್ದ ತಂದೆ ಹೆದ್ದಾರಿಯಲ್ಲಿ ನಡೆದ ಅಪಘಾತದಲ್ಲಿ ತೀರಿಕೊಂಡಾಗ ಯಾರೋ ಮಕ್ಕಳ ಸಹಾಯವಾಣಿ 1098ಕ್ಕೆ ಕರೆ ಮಾಡಿ ತಿಳಿಸಿದರು. 2020ರ ಜನವರಿಯಲ್ಲಿ ಸಮಿತಿಯ ಸೂಚನೆಯಂತೆ ಸಾಮಾಜಿಕ ತನಿಖಾ ವರದಿಗಾಗಿ ನಾನು ಆ ಮನೆಗೆ ಹೋಗಿದ್ದೆ. ಒಂದೇ ಕೋಣೆ, ತಗಡಿನ ಮಾಡು, ಬಾಗಿಲ ಬಳಿ ಕುಳಿತು ಕೂಲಿಗೆ ಶೇಂಗಾ ಸುಲಿಯುತ್ತಿದ್ದ ಅಜ್ಜಿ. ಬಾಲನ್ಯಾಯ ಕಾಯ್ದೆಯಲ್ಲಿ ಅನಾಥ ಮಗು ಎಂಬುದಕ್ಕೆ ಕೊಟ್ಟಿರುವ ಅರ್ಥದಲ್ಲಿ ತಂದೆತಾಯಿ ಇಲ್ಲದ ಮಗುವಷ್ಟೇ ಅಲ್ಲ, ನೋಡಿಕೊಳ್ಳಬೇಕಾದ ಪೋಷಕರಿಗೆ ಮನಸ್ಸಿಲ್ಲದ ಅಥವಾ ಸಾಮರ್ಥ್ಯವಿಲ್ಲದ ಮಗುವೂ ಸೇರುತ್ತದೆ. ಅಜ್ಜಿಗೆ ಮನಸ್ಸಿತ್ತು. "ನಾನ್ ಸಾಕ್ತೀನಿ ಕಣವ್ವ, ಒಪ್ಪೊತ್ತು ಉಂಡಾದ್ರೂ ಸಾಕ್ತೀನಿ" ಎಂದು ಅವರು ಎರಡು ಸಲ ಹೇಳಿದರು. ಆ ಒಪ್ಪೊತ್ತಿನ ಮಾತನ್ನೇ ನಾನು ಸಾಕ್ಷಿಯಾಗಿ ಹಿಡಿದುಕೊಂಡು, ಮಗುವನ್ನು ಸಾಕಲು ಇವರು ಅಸಮರ್ಥರು ಎಂದು ಬರೆದು ಸಹಿ ಹಾಕಿದೆ.

ಅದೇ ಕಾಯ್ದೆ, ಸರಿಯಾಗಿ ವಿಚಾರಣೆ ಮಾಡಿ ಬೇರೆ ದಾರಿಯೇ ಇಲ್ಲವೆಂದು ಖಚಿತವಾದ ಮೇಲಷ್ಟೇ, ಕಟ್ಟಕಡೆಯ ಕ್ರಮವಾಗಿ ಮಗುವನ್ನು ಸಂಸ್ಥೆಗೆ ಸೇರಿಸಬೇಕು ಎನ್ನುತ್ತದೆ. ಬಡ ಕುಟುಂಬದಲ್ಲಿಯೇ ಮಗುವನ್ನು ಉಳಿಸಿಕೊಳ್ಳಲು ನೆರವಾಗುವ ಪ್ರಾಯೋಜಕತ್ವಕ್ಕೂ, ಬೇರೊಂದು ಕುಟುಂಬ ಮಗುವನ್ನು ನೋಡಿಕೊಳ್ಳುವ ಫಾಸ್ಟರ್ ಕೇರ್ ವ್ಯವಸ್ಥೆಗೂ ಅದರಲ್ಲಿ ಪ್ರತ್ಯೇಕ ಕಲಮುಗಳಿವೆ. ಪ್ರಾಯೋಜಕತ್ವದಡಿ ಆಗ ತಿಂಗಳಿಗೆ 2,000 ರೂಪಾಯಿ ಸಿಗುತ್ತಿತ್ತು. ಅದು ನನಗೆ ಗೊತ್ತಿತ್ತು. ಆದರೆ ಮಂಜೂರಾತಿಗೆ ತಿಂಗಳುಗಟ್ಟಲೆ ಹಿಡಿಯುತ್ತದೆ, ಸಂಸ್ಥೆಯಲ್ಲಾದರೆ ನಾಳೆಯಿಂದಲೇ ಊಟ, ಶಾಲೆ, ಹಾಸಿಗೆ ಎಂದು ಲೆಕ್ಕ ಹಾಕಿದೆ. ಆ ಲೆಕ್ಕ ತಪ್ಪಾಗಿತ್ತು.

ಅದು ತಪ್ಪೆಂದು ಮನವರಿಕೆಯಾದದ್ದು ತರಬೇತಿಯೊಂದರಲ್ಲಿ, ರುಮೇನಿಯಾದ ಬುಕಾರೆಸ್ಟ್‌ನಲ್ಲಿ 2000ದಲ್ಲಿ ಆರಂಭವಾದ ಅಧ್ಯಯನದ ಬಗ್ಗೆ ಕೇಳಿದಾಗ. ಅಲ್ಲಿ ಸಂಸ್ಥೆಗಳಲ್ಲಿದ್ದ 136 ಎಳೆಯ ಮಕ್ಕಳಲ್ಲಿ ಅರ್ಧದಷ್ಟು ಮಕ್ಕಳನ್ನು ಕುಟುಂಬಗಳ ಪೋಷಣೆಗೆ ಒಪ್ಪಿಸಿ, ಉಳಿದವರೊಂದಿಗೆ ಅವರ ಬೆಳವಣಿಗೆಯನ್ನು ವರ್ಷಗಳ ಕಾಲ ಹೋಲಿಸಿ ನೋಡಿದ್ದರು. ಕುಟುಂಬಕ್ಕೆ ಹೋದ ಮಕ್ಕಳ ಬುದ್ಧಿ ಬೆಳವಣಿಗೆಯೂ, ದೊಡ್ಡವರೊಂದಿಗೆ ಅವರ ಒಡನಾಟವೂ ಸುಧಾರಿಸಿದ್ದವು. ಬೇಗ ಹೋದವರಲ್ಲಿ ಇನ್ನೂ ಹೆಚ್ಚು. ಅದನ್ನು ಕೇಳುತ್ತಿದ್ದಾಗ ನನ್ನ ಕಣ್ಣ ಮುಂದೆ ಬಂದದ್ದು ಆ ತಗಡಿನ ಮಾಡು.

2022ರಲ್ಲಿ ಕೇಂದ್ರ ಸರ್ಕಾರದ ಮಕ್ಕಳ ರಕ್ಷಣಾ ಯೋಜನೆಯಾದ ಮಿಷನ್ ವಾತ್ಸಲ್ಯದ ಮಾರ್ಗಸೂಚಿ ಬಂದು ಪ್ರಾಯೋಜಕತ್ವದ ನೆರವಿನ ಮೊತ್ತ ತಿಂಗಳಿಗೆ 4,000 ರೂಪಾಯಿ ಆಯಿತು. ವರ್ಷಕ್ಕೆ 72,000 ರೂಪಾಯಿಗಿಂತ ಹೆಚ್ಚು ಆದಾಯವಿಲ್ಲದ ಹಳ್ಳಿಯ ಕುಟುಂಬಗಳಿಗೆ ಅದು ಅನ್ವಯವಾಗುತ್ತಿತ್ತು. ಅಜ್ಜಿಯ ಆದಾಯ ಅದರ ಹತ್ತಿರಕ್ಕೂ ಬರುತ್ತಿರಲಿಲ್ಲ. ನಾನು ಮತ್ತೆ ಮನೆ ಭೇಟಿ ಮಾಡಿ ಹೊಸ ವರದಿ ಬರೆದೆ. ಅದೇ ಬೀದಿಯಲ್ಲಿದ್ದ ಹುಡುಗನ ಸೋದರತ್ತೆ, "ಅವ್ವಂಗೆ ಏನಾದ್ರೂ ಆದ್ರೆ ನಾನಿದೀನಿ" ಎಂದು ಹೇಳಿ ಹೆಬ್ಬೆಟ್ಟು ಒತ್ತಿದರು. ಮೊದಲ ಭೇಟಿಯಲ್ಲಿ ನಾನು ಆಕೆಯನ್ನು ಮಾತನಾಡಿಸಿರಲೇ ಇಲ್ಲ. ಪಡಿತರ ಚೀಟಿಯಿಂದ ತೆಗೆದುಹಾಕಿದ್ದ ಹುಡುಗನ ಹೆಸರನ್ನು ಮತ್ತೆ ಸೇರಿಸುವುದಕ್ಕೂ, ಅಜ್ಜಿ ಮೊಮ್ಮಗನ ಹೆಸರಿನಲ್ಲಿ ಜಂಟಿ ಖಾತೆ ತೆರೆಯುವುದಕ್ಕೂ ನಡೆದಾಡಿದ್ದೇ ದೊಡ್ಡ ಕೆಲಸವಾಯಿತು.

ಬಸ್ಸಿಳಿದು ಮನೆ ತಲುಪಿದಾಗ ಅಜ್ಜಿ ಏನೂ ಮಾತನಾಡಲಿಲ್ಲ. ಅವನ ಮುಖವನ್ನು ಎರಡೂ ಕೈಗಳಲ್ಲಿ ಹಿಡಿದು, ಸೆರಗಿನಿಂದ ಕತ್ತಿನ ಬೆವರನ್ನು ಒರೆಸಿದರು. ಹುಡುಗ ನೆಟ್ಟಗೆ ನಿಂತೇ ಇದ್ದ. ಸ್ವಲ್ಪ ಹೊತ್ತಾದ ಮೇಲೆ ನನ್ನ ಕಡೆ ತಿರುಗಿ, "ಮಿಸ್, ನೀರು ಕುಡೀಲಾ?" ಎಂದು ಕೇಳಿದ. ಮುದ್ದೆ ಬಡಿಸಿದಾಗ ಒಂದು ಕೈಯನ್ನು ತಟ್ಟೆಗೆ ಅಡ್ಡವಿಟ್ಟುಕೊಂಡು ಬೇಗ ಬೇಗ ನುಂಗಿದ. ಉಂಡಾದ ಮೇಲೆ ತಟ್ಟೆ ಹಿಡಿದುಕೊಂಡು, ತೊಳೆಯುವ ಸರದಿಗಾಗಿ ಕಾಯುವವನಂತೆ ಗೋಡೆಗೆ ಒರಗಿ ನಿಂತ. ಆ ಮನೆಯಲ್ಲಿ ಸರದಿಗೆ ನಿಲ್ಲಲು ಬೇರೆ ಯಾರೂ ಇರಲಿಲ್ಲ. ಅಜ್ಜಿ ತಟ್ಟೆಯನ್ನು ಕೈಯಿಂದ ತೆಗೆದುಕೊಂಡಾಗ ಅವನು ಗಾಬರಿಯಾದದ್ದನ್ನು ಕಂಡೆ.

ಆ ಸಂಸ್ಥೆಯವರು ಕೆಟ್ಟವರಲ್ಲ. ಅಡುಗೆಯಾಕೆಗೆ ಪ್ರತಿಯೊಬ್ಬ ಮಗುವಿನ ಹೆಸರೂ ಗೊತ್ತಿತ್ತು. ಆದರೆ ನಲವತ್ತು ಮಕ್ಕಳಿರುವ ಕಡೆ ನೀರಿಗೂ ಅನುಮತಿ ಬೇಕಾಗುತ್ತದೆ, ಊಟಕ್ಕೂ ಗಂಟೆ ಹೊಡೆಯಬೇಕಾಗುತ್ತದೆ. ಮನೆಯಲ್ಲಿಯೇ ಹಿಂಸೆ ಅನುಭವಿಸಿದ ಮಕ್ಕಳಿಗೆ, ನಿಜವಾಗಿಯೂ ಯಾರೂ ಇಲ್ಲದವರಿಗೆ ಅಂಥ ಜಾಗ ಬೇಕೇ ಬೇಕು. ಈ ಹುಡುಗನಿಗೆ ಬೇಕಿರಲಿಲ್ಲ. ಹುಟ್ಟುಹಬ್ಬಕ್ಕೆಂದು ಆಶ್ರಮಗಳಿಗೆ ಹೋಗಿ ಒಂದು ಹೊತ್ತಿನ ಊಟ ಹಾಕಿಸುವ ಸಹೃದಯರು ನಮ್ಮಲ್ಲಿ ಬಹಳಷ್ಟಿದ್ದಾರೆ. ಇಂಥ ಒಬ್ಬ ಅಜ್ಜಿಯ ಬಾಗಿಲಿಗೂ ಅವರ ಕಾಳಜಿ ತಲುಪಬೇಕೆಂದು ನಾನು ಮನಸಾರೆ ಬಯಸುತ್ತೇನೆ.

ದಸರಾ ರಜೆಯಲ್ಲಿ ಮುಂದಿನ ಭೇಟಿಗೆ ಹೋದಾಗ ಹುಡುಗ ಮನೆಯಲ್ಲಿರಲಿಲ್ಲ. ಪಾಸ್‌ಪುಸ್ತಕದಲ್ಲಿ ಹಣ ಜಮೆಯಾದದ್ದನ್ನು ನೋಡಿಕೊಂಡು, ಶಾಲೆಯ ಹಾಜರಾತಿಯ ಬಗ್ಗೆ ವಿಚಾರಿಸಿ, ಅವನೆಲ್ಲಿ ಎಂದು ಕೇಳಿದೆ. ಅಜ್ಜಿ ಶೇಂಗಾ ಸಿಪ್ಪೆಯನ್ನು ಮೊರದಿಂದ ಕೊಡವುತ್ತಾ, "ಹೇಳ್ದೆ ಕೇಳ್ದೆ ಕೆರೆ ಕಡೆ ಹೋಗವ್ನೆ ಕಣವ್ವ, ಬರ್ಲಿ ಇವತ್ತು" ಎಂದು ಗದರುವ ದನಿಯಲ್ಲಿ ಹೇಳಿದರು.